ಶಿವಡಿಯ ಹಕ್ಕಿಗಳ ಹಾಜರಿ

ಹಾರ್ಬರ್ ಮಾರ್ಗದ ಶಿವಡಿ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ನಡೆದರೆ, ಗೋದಾಮುಗಳ ಹಾಗೂ ಸಾಲುಗಟ್ಟಿ ನಿಂತ ಲಾರಿಗಳ ನಡುವಿನ ದಾರಿಯು ಕೊನೆಗೆ ಒಂದು ಹಳೆಯ ಧಕ್ಕೆಯಲ್ಲಿ ಮುಗಿಯುತ್ತದೆ. ಮುಂದೆ ಕೆಸರು, ಅದರಾಚೆಗೆ ಖಾರಿಯ ನೀರು. ಪಕ್ಕದಲ್ಲಿ 2024ರ ಜನವರಿಯಲ್ಲಿ ಸಂಚಾರಕ್ಕೆ ತೆರೆದ ಅಟಲ್ ಸೇತುವೆ. ಮುಂಬಯಿಯ ಅನ್ನವನ್ನು ಇಪ್ಪತ್ತೈದು ವರ್ಷಗಳಿಂದ ಉಣ್ಣುತ್ತಿರುವ ನಾವು, ಈ ಧಕ್ಕೆಯನ್ನು ಮೊದಲ ಬಾರಿಗೆ ಕಂಡದ್ದು ಒಂದು ಫೆಬ್ರವರಿಯ ಆದಿತ್ಯವಾರ ಬೆಳಿಗ್ಗೆ. ಹೋಟೆಲಿನ ಗಲ್ಲೆಯ ಮೇಲೆ ಕುಳಿತವನಿಗೆ ಸಮುದ್ರವನ್ನು ನೋಡುವ ವ್ಯವಧಾನ ಎಲ್ಲಿಂದ ಬರಬೇಕು? ಗಲ್ಲೆಯನ್ನು ಬಿಟ್ಟು ಲೇಖನಿಯನ್ನು ಹಿಡಿದ ಬಳಿಕವಷ್ಟೇ ನಮಗೆ ಆ ಭಾಗ್ಯ ಒದಗಿತು.

ನಮ್ಮೊಡನೆ ಇಬ್ಬರಿದ್ದರು. ಒಬ್ಬರು ಕೋಟೆಯ ಒಂದು ಕಚೇರಿಯಲ್ಲಿ ಕಾರಕೂನರಾಗಿರುವ ನಮ್ಮ ಮಿತ್ರರು. ಇನ್ನೊಬ್ಬರು ಹಿಂದೆ ನಮ್ಮ ಹೋಟೆಲಿನಲ್ಲಿ ಇಡ್ಲಿಯ ಒಲೆಯನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಭಟ್ಟರು. ನೀರು ಇಳಿದು ಕೆಸರು ತೆರೆದುಕೊಂಡಿತ್ತು. ಆ ಕೆಸರಿನ ಮೇಲೆ ಗುಲಾಲನ್ನು ಎರಚಿದಂತೆ ಫ್ಲೆಮಿಂಗೊ ಹಕ್ಕಿಗಳು. ನಮ್ಮ ಕನ್ನಡ ಪತ್ರಿಕೆಗಳು ರಾಜಹಂಸವೆಂದು ಕರೆಯುವ ಹಕ್ಕಿ ಇದೇ. ಉದ್ದವಾದ ಕಾಲು, ಬಾಗಿದ ಕೊಕ್ಕು. ಆ ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿ ಅದ್ದಿ, ಕಣ್ಣಿಗೆ ಕಾಣದಂಥ ಪಾಚಿಯನ್ನು ಸೋಸಿ ತಿನ್ನುತ್ತಿದ್ದುವು. ಅವುಗಳ ಮೈಯ ಬಣ್ಣವೂ ಆ ಆಹಾರದಿಂದಲೇ ಬಂದದ್ದು.

"ಎಷ್ಟಿರಬಹುದು?" ಎಂದು ನಾವು ಕೇಳಿದೆವು. ಒಂದು ಸಾವಿರ ಇರಬಹುದೆಂಬುದು ನಮ್ಮದೇ ಅಂದಾಜು. ಕಾರಕೂನ ಮಿತ್ರರು ಒಂದೂವರೆ ಸಾವಿರವೆಂದರು. ಭಟ್ಟರು ಮಾತ್ರ ಕೂಡಲೇ ಉತ್ತರಿಸಲಿಲ್ಲ. ಹೆಬ್ಬೆರಳನ್ನು ಕಣ್ಣಿನ ಮುಂದೆ ಚಾಚಿ ಹಿಡಿದು, ತುಟಿಯಲ್ಲಿ ಏನನ್ನೋ ಎಣಿಸಿ, ಬೆರಳನ್ನು ಎಡದಿಂದ ಬಲಕ್ಕೆ ಜರುಗಿಸುತ್ತ ಹೋಗಿ, "ಎರಡು ಸಾವಿರಕ್ಕೆ ಕಡಮೆಯಿಲ್ಲ" ಎಂದರು. ನಾವಿಬ್ಬರೂ ನಕ್ಕೆವು. ಆ ನಗು ಎಷ್ಟು ಅಕಾಲಿಕವಾಗಿತ್ತೆಂಬುದನ್ನು ಮುಂದೆ ನಿವೇದಿಸುತ್ತೇವೆ.

ಕಣ್ಣಿನ ಮೋಸ

ಮನುಷ್ಯನ ಕಣ್ಣು ಒಂದೇ ನೋಟಕ್ಕೆ ತಪ್ಪಿಲ್ಲದೆ ಎಣಿಸಬಲ್ಲುದು ನಾಲ್ಕನ್ನೋ ಐದನ್ನೋ ಮಾತ್ರ. ಇದು ನಮ್ಮ ಮಾತಲ್ಲ. ಇಂಗ್ಲೆಂಡಿನ ಪ್ರಸಿದ್ಧ ಅರ್ಥಶಾಸ್ತ್ರಜ್ಞ ಜೆವನ್ಸ್ ಎಂಬವರು 1871ರಲ್ಲಿ ಇದನ್ನು ತಮ್ಮ ಮೇಲೆಯೇ ಪರೀಕ್ಷಿಸಿ ನೋಡಿದರು. ಒಂದು ಹಿಡಿ ಕಪ್ಪು ಕಾಳುಗಳನ್ನು ಬಿಳಿಯ ಪೆಟ್ಟಿಗೆಯೊಂದರತ್ತ ಎಸೆಯುವುದು, ಒಳಗೆ ಬಿದ್ದವು ಎಷ್ಟೆಂದು ಕಣ್ಣೋಟದಲ್ಲಿಯೇ ಹೇಳುವುದು, ಅನಂತರ ಎಣಿಸಿ ತಾಳೆ ನೋಡುವುದು. ಹೀಗೆ 1,027 ಬಾರಿ. ಮೂರೋ ನಾಲ್ಕೋ ಕಾಳುಗಳು ಬಿದ್ದಾಗ ಅವರು ಒಮ್ಮೆಯೂ ತಪ್ಪಲಿಲ್ಲ. ಐದಕ್ಕೆ ತಪ್ಪು ತಲೆದೋರಿತು. ಕಾಳುಗಳು ಹೆಚ್ಚಿದಂತೆ ತಪ್ಪೂ ಹೆಚ್ಚಿತು. ಕಾಳಿನ ಗತಿಯೇ ಹೀಗಾದರೆ, ಚಲಿಸುವ, ಒಂದನ್ನೊಂದು ಮರೆಮಾಡುವ ಸಾವಿರಾರು ಹಕ್ಕಿಗಳ ಗತಿಯೇನು? ದೊಡ್ಡ ಹಿಂಡನ್ನು ಕಂಡಾಗ ಸಾಮಾನ್ಯವಾಗಿ ನಮ್ಮ ಕಣ್ಣು ಇರುವುದಕ್ಕಿಂತ ಕಡಮೆಯನ್ನೇ ಹೇಳುತ್ತದೆ ಎಂಬುದು ಪಕ್ಷಿಗಳನ್ನು ಎಣಿಸುವವರ ದೀರ್ಘ ಅನುಭವ.

ಈ ಪಾಠವನ್ನು ನಾವು ಹಕ್ಕಿಗಳಿಂದ ಕಲಿಯುವ ಮೊದಲೇ ಅನ್ನದಿಂದ ಕಲಿತಿದ್ದೆವು. ಹಲವು ವರ್ಷಗಳ ಹಿಂದೆ ಒಂದು ಸಂಘದ ವಾರ್ಷಿಕೋತ್ಸವದ ಊಟದ ಹೊಣೆಯನ್ನು ವಹಿಸಿಕೊಂಡಿದ್ದೆವು. ಸಭೆ ನಡೆಯುತ್ತಿದ್ದಾಗ ಮಾಳಿಗೆಯಿಂದ ಒಮ್ಮೆ ಇಣುಕಿ ನೋಡಿ, "ನಾನೂರು ಮಂದಿ" ಎಂದು ಗತ್ತಿನಿಂದ ಹೇಳಿ, ಅಷ್ಟಕ್ಕೇ ಅಕ್ಕಿಯನ್ನು ಹಾಕಿಸಿದೆವು. ಮೂರು ಪಂಕ್ತಿಗಳು ಎದ್ದಾಗ ಪಾತ್ರೆಯ ತಳ ಕಂಡಿತು. ನಾಲ್ಕನೆಯ ಪಂಕ್ತಿಗೆ ಎಲೆ ಬಿತ್ತು, ಅನ್ನ ಬೀಳಲಿಲ್ಲ. ಆ ಪಂಕ್ತಿಯಲ್ಲಿ ಕುಳಿತವರು ಯಾರು ಬಲ್ಲಿರಾ? ರಾತ್ರಿ ಹನ್ನೊಂದಕ್ಕೆ ಹೋಟೆಲು ಮುಚ್ಚಿ, ಮೇಜು ಒರೆಸಿ, ಕೈಯ ನೀರನ್ನು ಅಂಗಿಗೇ ಒರೆಸಿಕೊಂಡು ಓಡಿಬಂದ ಹುಡುಗರು. ಅವರು ಒಂದು ಮಾತನ್ನೂ ಆಡದೆ ಎದ್ದು ಹೋದರು. ಮರುದಿನ ಸಭೆಯ ಛಾಯಾಚಿತ್ರಗಳು ಬಂದವು. ಪೆನ್ಸಿಲಿನಿಂದ ಒಂದೊಂದು ತಲೆಯನ್ನೂ ಗುರುತು ಮಾಡಿ ಎಣಿಸಿದರೆ ಆರುನೂರಕ್ಕೂ ಮಿಕ್ಕಿದ್ದುವು. ಲೆಕ್ಕದಲ್ಲಿ ನಾವು ಮಾಡಿದ ತಪ್ಪಿನ ಫಲವನ್ನು ಉಂಡವರು ಮೊದಲ ಪಂಕ್ತಿಯವರಲ್ಲ, ಕೊನೆಯ ಪಂಕ್ತಿಯವರು. ಈ ಮಾತನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಚಿತ್ರ ತೆಗೆಯುವ ಕ್ರಮ

ಹಿಂಡು ಹಾರಿ ಹೋಗುತ್ತದೆ; ಚಿತ್ರ ಹಾರುವುದಿಲ್ಲ. ಛಾಯಾಚಿತ್ರದ ಮುಖ್ಯ ಉಪಕಾರ ಇಷ್ಟೇ. ಮನೆಗೆ ತಂದು, ದೀಪದ ಕೆಳಗೆ ಕುಳಿತು, ಒಮ್ಮೆ ಎಣಿಸಿ, ಸಂಶಯ ಬಂದರೆ ಮತ್ತೊಮ್ಮೆ ಎಣಿಸಬಹುದು. ಇನ್ನೊಬ್ಬರ ಕೈಗೆ ಕೊಟ್ಟು ತಾಳೆ ನೋಡಬಹುದು. ಹತ್ತು ವರ್ಷ ಕಳೆದ ಮೇಲೂ "ಆ ದಿನ ಇಷ್ಟಿದ್ದುವು" ಎಂಬುದಕ್ಕೆ ಅದು ರಸೀತಿಯಂತೆ ಉಳಿಯುತ್ತದೆ.

ಆದರೆ ಎಣಿಕೆಗೆ ತಕ್ಕ ಚಿತ್ರವೇ ಬೇರೆ, ಅಂದಕ್ಕೆ ತೆಗೆಯುವ ಚಿತ್ರವೇ ಬೇರೆ. ಮೊದಲನೆಯದಾಗಿ, ನಿಲ್ಲುವ ಜಾಗ ಎತ್ತರವಾಗಿರಬೇಕು. ಕೆಸರಿನ ಮಟ್ಟದಲ್ಲಿ ನಿಂತರೆ ಮುಂದಿನ ಹಕ್ಕಿಯು ಹಿಂದಿನ ನಾಲ್ಕನ್ನು ಮರೆಮಾಡುತ್ತದೆ. ಎರಡನೆಯದಾಗಿ, ಇಡೀ ಹಿಂಡು ಒಂದೇ ಚಿತ್ರದಲ್ಲಿ ಹಿಡಿಸದಿದ್ದರೆ ಎಡದಿಂದ ಬಲಕ್ಕೆ ಸಾಲಾಗಿ ಹಲವು ಚಿತ್ರಗಳನ್ನು ತೆಗೆಯಬೇಕು. ಒಂದರ ಅಂಚು ಮುಂದಿನದರ ಮೇಲೆ ಸ್ವಲ್ಪ ಏರಿಕೊಂಡಿರಬೇಕು. ಕಂಬವನ್ನೋ, ದೋಣಿಯನ್ನೋ, ಕಾಂಡ್ಲದ ಪೊದೆಯನ್ನೋ ಗುರುತಾಗಿ ಇಟ್ಟುಕೊಂಡು ಎರಡು ಚಿತ್ರಗಳ ಗಡಿಯಲ್ಲಿ ಒಂದು ಗೆರೆ ಎಳೆದರೆ, ಒಂದೇ ಹಕ್ಕಿ ಎರಡು ಬಾರಿ ಲೆಕ್ಕಕ್ಕೆ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಒಬ್ಬನಿಗೆ ಎರಡು ರುಜು ಆಗಬಾರದಷ್ಟೆ? ಮೂರನೆಯದಾಗಿ, ಎಲ್ಲ ಚಿತ್ರಗಳನ್ನೂ ಒಂದರ ಹಿಂದೆ ಒಂದರಂತೆ ಬೇಗನೆ ಮುಗಿಸಬೇಕು. ತಡಮಾಡಿದರೆ ಹಕ್ಕಿಗಳು ಸ್ಥಾನ ಬದಲಿಸುತ್ತವೆ. ಹಿಂಡು ಮೇಲೆದ್ದು ಹಾರುವಾಗ ಆಕಾಶದ ಹಿನ್ನೆಲೆಯಲ್ಲಿ ಎಲ್ಲವೂ ಒಂದೇ ಚಿತ್ರದಲ್ಲಿ ಸಿಕ್ಕಿದರೆ ಅದು ಅತ್ಯುತ್ತಮ. ಆದರೆ ಚಿತ್ರದ ಆಸೆಗಾಗಿ ಕೂಗಿ, ಕಲ್ಲೆಸೆದು ಹಕ್ಕಿಗಳನ್ನು ಎಬ್ಬಿಸುವುದು ಪಾಪ. ದೂರದ ಪಯಣಕ್ಕಾಗಿ ಕೂಡಿಸಿಟ್ಟ ಶಕ್ತಿಯನ್ನು ಅವು ವ್ಯರ್ಥವಾಗಿ ಕಳೆದುಕೊಳ್ಳುತ್ತವೆ.

ಒಂದು ಅಗುಳಿನ ನ್ಯಾಯ

ಚಿತ್ರ ದೊರೆತ ಮೇಲೆ ಎಣಿಸುವ ಬಗೆ ಎರಡು. ಮೊದಲನೆಯದು ಪೂರ್ಣ ಎಣಿಕೆ. ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಅದರ ಮೇಲೆ ಪಾರದರ್ಶಕ ಹಾಳೆಯನ್ನು ಹಾಸಿ, ಪ್ರತಿ ಹಕ್ಕಿಗೂ ಒಂದೊಂದು ಚುಕ್ಕೆ ಇಡುತ್ತ ಹೋಗುವುದು. ಇಂದು ಈ ಕೆಲಸಕ್ಕೆ ಕಂಪ್ಯೂಟರಿನಲ್ಲಿ ನಡೆಯುವ ಉಚಿತ ತಂತ್ರಾಂಶಗಳೂ ಇವೆ. ಅಮೇರಿಕದ ನ್ಯಾಚುರಲ್ ಹಿಸ್ಟರಿ ಮ್ಯೂಜಿಯಂ ಹೊರತಂದ ಒಂದಕ್ಕೆ 'ಡಾಟ್‌ಡಾಟ್‌ಗೂಸ್' ಎಂದು ಹೆಸರು. ಚುಕ್ಕೆ, ಚುಕ್ಕೆ, ಬಾತು ಎಂದು ಅರ್ಥ. ಹಕ್ಕಿಯ ಮೇಲೆ ಒತ್ತಿದರೆ ಚುಕ್ಕೆ ಬೀಳುತ್ತದೆ. ಲೆಕ್ಕವನ್ನು ಯಂತ್ರವೇ ಇಡುತ್ತದೆ. ಎಣಿಸುವ ಕಣ್ಣು ಮಾತ್ರ ಮನುಷ್ಯನದೇ.

ಎರಡನೆಯದು ಮಾದರಿ ಎಣಿಕೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕು ಎಂಬುದು ನಮ್ಮವರಿಗೆಲ್ಲ ಗೊತ್ತು. ಆದರೆ ನಮ್ಮ ಭಟ್ಟರು ಇದಕ್ಕೆ ಒಂದು ತಿದ್ದುಪಡಿಯನ್ನು ಸೂಚಿಸುತ್ತಾರೆ: "ಕಲಸಿದ ಪಾತ್ರೆಯಾದರೆ ಒಂದು ಅಗುಳು ಸಾಕು. ಕಲಸದ ಪಾತ್ರೆಯಲ್ಲಿ ತಳದ್ದೊಂದು, ನಡುವಿನದೊಂದು, ಮೇಲಿನದೊಂದು ನೋಡಬೇಕು." ಹಕ್ಕಿಗಳ ಹಿಂಡು ಕಲಸದ ಪಾತ್ರೆ. ನಡುವೆ ದಟ್ಟ, ಅಂಚಿನಲ್ಲಿ ವಿರಳ. ಗಣಿತ ಬಲ್ಲ ವಿಜ್ಞಾನಿಗಳೂ ಭಟ್ಟರ ಮಾತನ್ನೇ ಬೇರೆ ಶಬ್ದಗಳಲ್ಲಿ ಹೇಳುತ್ತಾರೆ.

ಆ ಆದಿತ್ಯವಾರ ನಮ್ಮ ಮೊಬೈಲಿನಲ್ಲಿ ತೆಗೆದ ಮೂರು ಚಿತ್ರಗಳನ್ನು ಜೋಡಿಸಿ, ಮುದ್ರಿಸಿ, ಮೇಲೆ 80 ಸಮಾನ ಚೌಕಗಳನ್ನು ಎಳೆದೆವು. ಹಕ್ಕಿಗಳು ಇಡಿಕಿರಿದ ಚೌಕಗಳು 12, ಸಾಧಾರಣವಾದುವು 30, ವಿರಳವಾದುವು 38. ಪ್ರತಿ ವರ್ಗದಲ್ಲಿಯೂ ಯಾವ ಚೌಕವನ್ನು ಎಣಿಸುವುದೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿದೆವು. ಮನಸ್ಸಿಗೆ ಒಪ್ಪಿದ್ದನ್ನು ಆರಿಸಿದರೆ ಕಣ್ಣು ತಾನಾಗಿ ಹಕ್ಕಿ ಹೆಚ್ಚಿದ್ದಲ್ಲಿಗೇ ಹೋಗುತ್ತದೆ.

ದಟ್ಟವಾದ ಮೂರು ಚೌಕಗಳಲ್ಲಿ 96, 110, 103 ಹಕ್ಕಿಗಳು, ಸರಾಸರಿ 103. ಹನ್ನೆರಡು ಚೌಕಗಳಿಗೆ 1,236. ಸಾಧಾರಣವಾದ ಐದು ಚೌಕಗಳಲ್ಲಿ 41, 38, 44, 40, 37, ಸರಾಸರಿ 40. ಮೂವತ್ತಕ್ಕೆ 1,200. ವಿರಳವಾದ ಐದು ಚೌಕಗಳಲ್ಲಿ 6, 4, 0, 7, 3, ಸರಾಸರಿ 4. ಮೂವತ್ತೆಂಟಕ್ಕೆ 152. ಒಟ್ಟು 2,588. ಎಂಬತ್ತು ಚೌಕಗಳಲ್ಲಿ ಹದಿಮೂರನ್ನು ಮಾತ್ರ ಎಣಿಸಿ, ಅರ್ಧ ಗಂಟೆಯಲ್ಲಿ ಈ ಉತ್ತರ ದೊರೆಯಿತು.

ಸಾವಿರವೆಂದ ನಾವೂ ಒಂದೂವರೆ ಸಾವಿರವೆಂದ ಕಾರಕೂನರೂ ಪರಸ್ಪರ ಮುಖ ನೋಡಿಕೊಂಡೆವು. ಎರಡು ಸಾವಿರಕ್ಕೆ ಕಡಮೆಯಿಲ್ಲವೆಂದ ಭಟ್ಟರು, "ಇಡ್ಲಿಯ ತಟ್ಟೆಯ ಲೆಕ್ಕ ಸ್ವಾಮೀ" ಎಂದಷ್ಟೇ ಹೇಳಿದರು. ಅವರು ಧಕ್ಕೆಯ ಮೇಲೆ ಮಾಡಿದ್ದು ಇಷ್ಟು: ಹೆಬ್ಬೆರಳಿನ ಅಗಲದಲ್ಲಿ ಎಷ್ಟು ಹಕ್ಕಿಗಳಿವೆಯೆಂದು ಎಣಿಸಿ, ಅಂಥ ಅಗಲಗಳು ಎಷ್ಟೆಂದು ನೋಡಿದ್ದು. ಒಂದು ತಟ್ಟೆಯಲ್ಲಿ ಎಷ್ಟು ಇಡ್ಲಿ, ಹಬೆಯ ಪಾತ್ರೆಯಲ್ಲಿ ಎಷ್ಟು ತಟ್ಟೆ ಎಂಬ ನಿತ್ಯದ ಲೆಕ್ಕ. ಛಾಯಾಚಿತ್ರವಿಲ್ಲದ ಸಮಯದಲ್ಲಿ ನುರಿತ ಪಕ್ಷಿವೀಕ್ಷಕರು ಅನುಸರಿಸುವುದೂ ಈ ವಿಧಾನವನ್ನೇ.

ಚಿತ್ರವೂ ಹೇಳದ ಸತ್ಯ

ಆದರೆ ನಮ್ಮ 2,588 ಕೂಡ ವೇದವಾಕ್ಯವಲ್ಲ. ಮರೆಯಲ್ಲಿದ್ದ ಹಕ್ಕಿ ಚಿತ್ರದಲ್ಲಿ ಬೀಳಲಿಲ್ಲ. ಬೂದುಬಣ್ಣದ ಮರಿಗಳು ಕೆಸರಿನ ಬಣ್ಣದಲ್ಲಿ ಬೆರೆತು ತಪ್ಪಿಸಿಕೊಂಡಿರಬಹುದು. ಶಿವಡಿಯ ಹಕ್ಕಿಯು ಉಬ್ಬರ ಬಂದೊಡನೆ ಹಾರಿ ಬೇರೆಡೆ ಇಳಿಯುತ್ತದೆ. ಇಂದು ಇಲ್ಲಿ, ನಾಳೆ ಐರೋಲಿಯಲ್ಲಿ ಎಣಿಸಿ ಎರಡನ್ನೂ ಕೂಡಿಸಿದರೆ ಲೆಕ್ಕ ಊದಿಕೊಳ್ಳುತ್ತದೆ. ಆದ್ದರಿಂದಲೇ ಹಲವು ಸ್ಥಳಗಳಲ್ಲಿ, ಒಂದೇ ಹೊತ್ತಿಗೆ, ಉಬ್ಬರವಿಳಿತದ ವೇಳೆಯನ್ನು ನೋಡಿ ಎಣಿಸಬೇಕಾಗುತ್ತದೆ.

ಹಾಗಾದರೆ ಚಿತ್ರದ ಎಣಿಕೆ ಕಣ್ಣಿನ ಎಣಿಕೆಗಿಂತ ನಿಜವಾಗಿ ಮೇಲೋ? ನಿಜವಾದ ಸಂಖ್ಯೆ ಗೊತ್ತಿಲ್ಲದ ಹಿಂಡಿನಲ್ಲಿ ಇದನ್ನು ಪರೀಕ್ಷಿಸುವುದಾದರೂ ಹೇಗೆ? ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೊಂದು ಸೊಗಸಾದ ಉಪಾಯವನ್ನು ಹೂಡಿದರು. ಸಾವಿರಾರು ಪ್ಲಾಸ್ಟಿಕ್ ಬಾತುಗಳನ್ನು ಸಮುದ್ರತೀರದ ಮರಳಿನ ಮೇಲೆ ಹಕ್ಕಿಗಳ ಹಿಂಡಿನಂತೆ ಜೋಡಿಸಿದರು. ಎಷ್ಟು ಬಾತುಗಳಿವೆ ಎಂಬುದು ಜೋಡಿಸಿದವರಿಗೆ ಗೊತ್ತು. ಅನುಭವಿಗಳಾದ ಪಕ್ಷಿವೀಕ್ಷಕರು ದೂರದಿಂದ ದುರ್ಬೀನು ಹಿಡಿದು ಎಣಿಸಿದರು; ಅದೇ ಹಿಂಡನ್ನು ಡ್ರೋನ್ ಮೇಲಿನಿಂದ ಚಿತ್ರಿಸಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಡ್ರೋನಿನ ಚಿತ್ರಗಳಿಂದ ಮಾಡಿದ ಎಣಿಕೆಯೇ ಸತ್ಯಕ್ಕೆ ಬಹಳ ಹತ್ತಿರವಿತ್ತು. ನಮ್ಮ ತರುಣ ವಾಚಕರು ಇದನ್ನೋದಿ ಶಿವಡಿಗೆ ಡ್ರೋನನ್ನು ಹೊತ್ತೊಯ್ಯದಿರಲಿ. ಅನುಮತಿಯಿಲ್ಲದೆ ಹಾರಿಸುವುದು ಅಪರಾಧ. ತೀರ ಸಮೀಪಕ್ಕೆ ಹಾರಿಸಿದರೆ ಹಕ್ಕಿಗಳು ಬೆದರುತ್ತವೆ.

ಮನುಷ್ಯನು ಕಾಲಿಡಲಾಗದ ಕಡೆಗಳಲ್ಲಿ ಆಕಾಶದಿಂದ ತೆಗೆದ ಚಿತ್ರವೇ ಗತಿ. ದಕ್ಷಿಣ ಧ್ರುವದ ಹಿಮದ ಮೇಲೆ ಬಾಳುವ ಎಂಪರರ್ ಪೆಂಗ್ವಿನುಗಳನ್ನು ವಿಜ್ಞಾನಿಗಳು ಉಪಗ್ರಹದ ಚಿತ್ರಗಳಿಂದಲೇ ಎಣಿಸಿದರು. ಬಿಳಿಯ ಹಿಮದ ಮೇಲೆ ಅವುಗಳ ಹಿಕ್ಕೆಯ ಕಂದು ಕಲೆಯನ್ನು ನೋಡಿ ಹಿಂಡು ಇರುವ ಜಾಗವನ್ನು ಗುರುತಿಸಿ, ಚಿತ್ರದಲ್ಲಿ ಹಿಮ ಯಾವುದು, ನೆರಳು ಯಾವುದು, ಹಕ್ಕಿ ಯಾವುದು ಎಂದು ಬೇರ್ಪಡಿಸಿದರು. 2012ರಲ್ಲಿ ಹೊರಬಿದ್ದ ಲೆಕ್ಕ ಸುಮಾರು 5,95,000. ಅದುವರೆಗಿನ ಅಂದಾಜುಗಳು 2,70,000ದಿಂದ 3,50,000ದವರೆಗೆ ಮಾತ್ರ. ಅಲ್ಲಿಯೂ ಮನುಷ್ಯರ ಅಂದಾಜು ಕಡಮೆಯ ಕಡೆಗೇ ವಾಲಿತ್ತೆಂಬುದನ್ನು ಗಮನಿಸಿರಿ.

ಎಣಿಕೆ ಏತಕ್ಕೆ?

"ಹಕ್ಕಿಯನ್ನು ಎಣಿಸಿ ಯಾರಿಗೇನು ಲಾಭ?" ಎಂದು ನಮ್ಮ ಕಾರಕೂನ ಮಿತ್ರರು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಅವರ ವೃತ್ತಿಯಲ್ಲಿಯೇ ಇದೆ: ದಫ್ತರದಲ್ಲಿ ಇಲ್ಲದ್ದು ಸರಕಾರದ ಕಣ್ಣಿಗೆ ಇಲ್ಲವೇ ಇಲ್ಲ.

ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ 1971ರ ಫೆಬ್ರವರಿ 2ರಂದು ಜೌಗುಭೂಮಿಗಳ ರಕ್ಷಣೆಗಾಗಿ ರಾಷ್ಟ್ರಗಳ ನಡುವೆ ಒಂದು ಒಡಂಬಡಿಕೆಯಾಯಿತು. ಒಂದು ಕೆರೆಯನ್ನೋ ಖಾರಿಯನ್ನೋ ಅಂತರರಾಷ್ಟ್ರೀಯ ಮಹತ್ವದ್ದೆಂದು ಒಪ್ಪಲು ಅದು ವಿಧಿಸಿದ ಅಳತೆಗೋಲುಗಳಲ್ಲಿ ಎರಡು ಎಣಿಕೆಗೆ ಸಂಬಂಧಿಸಿದವು. ಒಂದು, ಅಲ್ಲಿ ವಾಡಿಕೆಯಾಗಿ 20,000 ಅಥವಾ ಹೆಚ್ಚು ನೀರಹಕ್ಕಿಗಳು ಸೇರಬೇಕು. ಇನ್ನೊಂದು, ಯಾವುದಾದರೂ ಒಂದು ಜಾತಿಯ ನೀರಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದು ಪಾಲಾದರೂ ಅಲ್ಲಿ ನೆಲೆಸಬೇಕು. ಎಣಿಸಿದವರಿಲ್ಲದಿದ್ದರೆ ಈ ಅಳತೆಗೋಲುಗಳನ್ನು ಹಿಡಿಯುವುದು ಯಾವುದಕ್ಕೆ?

ಠಾಣೆ ಖಾರಿಯ ವಿಷಯದಲ್ಲಿ ಎಣಿಸಿದವರಿದ್ದರು. 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಕೆಸರಿನ ಅಂಚಿನಲ್ಲಿ ನಿಂತು ವರ್ಷದ ಮೇಲೆ ವರ್ಷ ಲೆಕ್ಕವಿಟ್ಟರು. 2019ರ ಅವರ ಎಣಿಕೆಯಲ್ಲಿ ಫ್ಲೆಮಿಂಗೊಗಳು ಒಂದು ಲಕ್ಷವನ್ನು ದಾಟಿದ್ದುವು. ಅದಕ್ಕೆ ಮೊದಲೇ, 2015ರಲ್ಲಿ, ಖಾರಿಯ ಒಂದು ಭಾಗವು ಫ್ಲೆಮಿಂಗೊ ಅಭಯಾರಣ್ಯವಾಗಿತ್ತು. 2022ರಲ್ಲಿ ಠಾಣೆ ಖಾರಿಯು ರಾಮ್ಸಾರ್ ಪಟ್ಟಿಗೂ ಸೇರಿತು. ನಮ್ಮ ನಾಡಿನಲ್ಲಿಯೂ ಇಂಥ ಹೆಸರುಗಳಿವೆ. ರಂಗನತಿಟ್ಟು 2022ರಲ್ಲಿ, ಉತ್ತರ ಕನ್ನಡದ ಅಘನಾಶಿನಿ ಅಳಿವೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿಬಂದು ಇಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಈ ಪಟ್ಟಿಗೆ ಸೇರಿದವು. ಪ್ರತಿ ಜನವರಿಯಲ್ಲಿ ಏಷ್ಯದ ಹಲವು ದೇಶಗಳಲ್ಲಿ ಸ್ವಯಂಸೇವಕರು ನೀರಹಕ್ಕಿಗಳನ್ನು ಎಣಿಸುವ ಪದ್ಧತಿಯೂ 1987ರಿಂದ ನಡೆದುಬಂದಿದೆ. ಅದಕ್ಕೆ ದೊಡ್ಡ ಪದವಿಯೇನೂ ಬೇಡ. ಎಸ್.ಎಸ್.ಎಲ್.ಸಿ.ಯಲ್ಲಿ ವಿದ್ಯೆಯನ್ನು ನಿಲ್ಲಿಸಿದ ನಮ್ಮಂಥವರಿಗೂ ಚೌಕ ಎಳೆದು ಎಣಿಸಲು ಬರುತ್ತದೆ.

ಪಟ್ಟಿಗೆ ಸೇರಿದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದಲ್ಲ. ಉಬ್ಬರದ ಹೊತ್ತಿನಲ್ಲಿ ಹಕ್ಕಿಗಳು ವಿಶ್ರಮಿಸುವ ನವಿಮುಂಬಯಿಯ ಹಲವು ಕೊಳಗಳು ಅಭಯಾರಣ್ಯದ ಗೆರೆಯ ಹೊರಗಿವೆ. ಅವುಗಳ ಮೇಲೆ ಕಟ್ಟಡದ ಕಣ್ಣು ಬೀಳುತ್ತಲೇ ಇರುತ್ತದೆ. 2024ರ ಮೇ 20ರ ರಾತ್ರಿ ಘಾಟಕೋಪರದ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಹಿಂಡೊಂದು ಸಿಕ್ಕಿ 39 ಫ್ಲೆಮಿಂಗೊಗಳು ಸತ್ತವು. ಸತ್ತವುಗಳ ಲೆಕ್ಕ ಕರಾರುವಾಕ್ಕಾಗಿ ಸಿಕ್ಕಿತು. ಏಕೆಂದರೆ ಅವು ನೆಲದ ಮೇಲೆ ಬಿದ್ದಿದ್ದವು. ಬದುಕಿರುವವುಗಳ ಲೆಕ್ಕಕ್ಕೇ ಶ್ರಮ ಬೇಕು. ಇಂದು ಎಷ್ಟಿವೆಯೆಂದು ಬರೆದಿಡದಿದ್ದರೆ, ನಾಳೆ ಕಡಮೆಯಾದಾಗ "ಮೊದಲೂ ಇಷ್ಟೇ ಇದ್ದುವು" ಎಂದು ಹೇಳುವವರಿಗೆ ಉತ್ತರವಿರುವುದಿಲ್ಲ. ಕೊಳವನ್ನು ಮುಚ್ಚುವವನು ಕಡಮೆಯ ಅಂದಾಜನ್ನೇ ಆಧಾರವಾಗಿ ಹಿಡಿಯುತ್ತಾನೆ. ಆಗ ಎಲೆ ಹಾಕಿಸಿಕೊಂಡು ಅನ್ನವಿಲ್ಲದೆ ಏಳಬೇಕಾದದ್ದು ಹಕ್ಕಿಗಳ ಕೊನೆಯ ಪಂಕ್ತಿ.

ಈ ಹಕ್ಕಿಗಳೂ ಮುಂಬಯಿಯ ಮೂಲನಿವಾಸಿಗಳಲ್ಲ. ಚಳಿಗಾಲಕ್ಕೆ ಮುನ್ನ ಬಂದು, ಮಳೆಗಾಲದ ಹೊಸ್ತಿಲಲ್ಲಿ ಹೊರಡುತ್ತವೆ. 2022ರಲ್ಲಿ ಸೊಸೈಟಿಯವರು ಜಿ.ಪಿ.ಎಸ್. ಯಂತ್ರ ಕಟ್ಟಿ ಬಿಟ್ಟ ಹಕ್ಕಿಗಳು ಗುಜರಾತಿನ ಕಡೆಗೆ ಹಾರಿದ್ದು ದಾಖಲಾಗಿದೆ. ಊರು ಒಂದೆಡೆ, ಹೊಟ್ಟೆಪಾಡು ಒಂದೆಡೆ. ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಟೆಲಿನ ಅಟ್ಟದಲ್ಲಿ ಮಲಗುವ ಹುಡುಗನ ಹೆಸರು ಯಾವುದಾದರೂ ಪುಸ್ತಕದಲ್ಲಿ ಇದ್ದರೆ ಅವನಿಗೆ ಪಗಾರವುಂಟು, ರಜೆಯುಂಟು, ಕೇಳುವ ಹಕ್ಕುಂಟು. ಹೆಸರಿಲ್ಲದವನು ದಿನವಿಡೀ ದುಡಿದರೂ ಲೆಕ್ಕಕ್ಕಿಲ್ಲ.

ವಾರದ ರಜೆಯು ಆದಿತ್ಯವಾರಕ್ಕೆ ಒದಗಿದರೆ, ಡಿಸೆಂಬರಿನಿಂದ ಮೇ ತಿಂಗಳ ನಡುವೆ ಒಮ್ಮೆ ಶಿವಡಿಗೆ ಹೋಗಿ ಬನ್ನಿರಿ. ಉಬ್ಬರವಿಳಿತದ ವೇಳೆಯನ್ನು ನೋಡಿಕೊಂಡು ಹೊರಡಿರಿ. ನೀರು ತುಂಬಿದಾಗ ಹೋದರೆ ಬರಿಯ ನೀರನ್ನು ನೋಡಿ ಮರಳಬೇಕಾದೀತು. ಮೊದಲು ಕಣ್ಣಂದಾಜನ್ನು ಒಂದು ಚೀಟಿಯಲ್ಲಿ ಬರೆದಿಡಿ. ಅನಂತರ ಎಡದಿಂದ ಬಲಕ್ಕೆ ಚಿತ್ರಗಳನ್ನು ತೆಗೆದು, ಕೋಣೆಗೆ ಬಂದು ಚೌಕ ಎಳೆದು ಎಣಿಸಿರಿ. ಎರಡನ್ನೂ, ಜೊತೆಗೆ ದಿನಾಂಕ ಮತ್ತು ಹೊತ್ತನ್ನೂ, ನಮ್ಮ ಕಚೇರಿಗೆ ಬರೆದು ಕಳುಹಿಸಿದರೆ ಸಂತೋಷದಿಂದ ಪ್ರಕಟಿಸುತ್ತೇವೆ. ಭಟ್ಟರು ಮಾತ್ರ ಈ ಸ್ಪರ್ಧೆಯಲ್ಲಿ ಭಾಗವಹಿಸುವುದಿಲ್ಲವೆಂದು ತಿಳಿಸಿದ್ದಾರೆ. ಅವರಿಗೆ ಮುಂದಿನ ವಾರ ಒಂದು ಮದುವೆಯ ಅಡುಗೆಯಿದೆ. ಎಷ್ಟು ಎಲೆಯೆಂಬುದನ್ನು ಈಗಾಗಲೇ ಮನೆಮನೆಗೆ ಕೇಳಿ, ಎಣಿಸಿ, ಬರೆದಿಟ್ಟುಕೊಂಡಿದ್ದಾರೆ.